ಕಂಪ್ಯೂಟರ್ ಏಳುತ್ತಿಲ್ಲವೇ? ‘ಫಾರ್ಮ್ಯಾಟ್ ಮಾಡಿ’ ಎನ್ನುವ ಮೊದಲು ಇಷ್ಟು ನೋಡಿ



ಹಾಡು, ನಾಟಕ, ಹರಟೆಗಳ ಮಾತಿಗೆ ಈ ಸಲ ಸ್ವಲ್ಪ ಬಿಡುವು ಕೊಟ್ಟು, ಮನೆಯ ಮೂಲೆಯಲ್ಲಿ ಕುಳಿತಿರುವ ಕಂಪ್ಯೂಟರಿನ ಕಡೆ ತಿರುಗೋಣ. ಅದಕ್ಕೂ ಒಂದು ಕೆಟ್ಟ ಗುಣವಿದೆ. ಸುಮ್ಮನಿದ್ದ ದಿನಗಳಲ್ಲೆಲ್ಲ ಚೆನ್ನಾಗಿಯೇ ಇರುತ್ತದೆ. ಮಗಳು ಮಾರನೇ ದಿನ ಪ್ರಾಜೆಕ್ಟ್ ಒಪ್ಪಿಸಬೇಕು, ಯಜಮಾನರು ಆದಾಯ ತೆರಿಗೆಯ ವಿವರ ಸಲ್ಲಿಸಬೇಕು ಎನ್ನುವ ರಾತ್ರಿಯೇ ಏಳುವುದಿಲ್ಲ ಎಂದು ಹಟ ಹಿಡಿಯುತ್ತದೆ. ಬಟನ್ ಒತ್ತುತ್ತೇವೆ, ಮತ್ತೆ ಒತ್ತುತ್ತೇವೆ, ಸಿಟ್ಟು ಬಂದರೆ ಪಕ್ಕಕ್ಕೆ ಎರಡು ಏಟನ್ನೂ ಕೊಡುತ್ತೇವೆ. ಕೊನೆಗೆ ಆಟೋದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದರೆ ಬಹಳ ಸಲ ಕೇಳಿಬರುವುದು ಒಂದೇ ಮಾತು: “ಫಾರ್ಮ್ಯಾಟ್ ಮಾಡಬೇಕಾಗುತ್ತೆ ಸಾರ್.”

ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚ್ಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್, ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್, ಇಲ್ಲೆಲ್ಲ ಕೆಲಸ ಬಲ್ಲ ಮೆಕ್ಯಾನಿಕ್‌ಗಳಿಗೆ ಬರವಿಲ್ಲ. ಆದರೆ ಸರದಿಯಲ್ಲಿ ಹತ್ತು ಯಂತ್ರಗಳು ಕಾಯುತ್ತಿರುವಾಗ, ಎಲ್ಲವನ್ನೂ ಒರೆಸಿ ವಿಂಡೋಸ್ ಅನ್ನು ಹೊಸದಾಗಿ ಹಾಕಿಬಿಡುವುದೇ ಯಾರಿಗಾದರೂ ಸುಲಭದ ದಾರಿ. ಫಾರ್ಮ್ಯಾಟ್ ಎಂದರೆ ಇಷ್ಟೇ: ಡಿಸ್ಕನ್ನು ಖಾಲಿ ಮಾಡಿ ಮೊದಲಿನಿಂದ ಶುರು ಮಾಡುವುದು. ಯಂತ್ರ ಎದ್ದು ಕೂರುತ್ತದೆ, ನಿಜ. ಆದರೆ ಅದರಲ್ಲಿದ್ದ ಮದುವೆಯ ಫೋಟೋಗಳು, ಊರಿನ ಜಮೀನಿನ ಪಹಣಿಯ ಸ್ಕ್ಯಾನ್, ಅಜ್ಜಿ ಹಾಡಿದ್ದ ಸೋಬಾನೆಯ ರೆಕಾರ್ಡಿಂಗ್ ಇವೆಲ್ಲ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ಊರಿನಿಂದ ದೂರವಿರುವ ನಮ್ಮಂಥವರಿಗೆ ಇವು ಬರೀ ಫೈಲುಗಳಲ್ಲ. ನಿಂತುಹೋದ ದನಿಯನ್ನು ಮತ್ತೆ ರೆಕಾರ್ಡ್ ಮಾಡಲು ಬರುವುದಿಲ್ಲ ಎಂಬುದು ಧ್ವನಿಯನ್ನೇ ನಂಬಿ ಬದುಕುವ ನಮಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಈ ಲೇಖನದಲ್ಲಿ ಒಂದು ಮಾತನ್ನು ಮಾತ್ರ ಮರೆಯದೆ ಹಿಡಿದುಕೊಳ್ಳಿ. ಕಂಪ್ಯೂಟರ್ ಏಳದಿರುವುದು ಬೇರೆ, ಅದರಲ್ಲಿರುವುದು ಕಳೆದುಹೋಗುವುದು ಬೇರೆ. ಎಷ್ಟೋ ಸಂದರ್ಭಗಳಲ್ಲಿ ಯಂತ್ರ ಮಲಗಿದ್ದರೂ ಒಳಗಿರುವ ಕಡತಗಳು ಸುಖವಾಗಿಯೇ ಇರುತ್ತವೆ.

ಬಟನ್ ಒತ್ತಿದ ಮೇಲೆ ಏನಾಗುತ್ತದೆ?

ನಾನು ಓದಿದ್ದು ಕನ್ನಡ ಬಿ.ಎ., ಎಂಜಿನಿಯರಿಂಗ್ ಅಲ್ಲ. ಆದರೂ ಆಕಾಶವಾಣಿಯಾಗಲಿ, ಎಫ್.ಎಂ. ಆಗಲಿ, ರೇಡಿಯೋ ನಿಲಯದಲ್ಲಿ ಕೆಲಸ ಮಾಡುವವರಿಗೆ ಒಂದು ಪಾಠ ಬೇಗ ಬರುತ್ತದೆ. ಪ್ರಸಾರದಲ್ಲಿ ಧ್ವನಿ ನಿಂತುಹೋದರೆ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ತಿರುಗಿಸಬಾರದು. ಮೈಕಿನಿಂದ ಮಿಕ್ಸರ್, ಮಿಕ್ಸರಿನಿಂದ ಟ್ರಾನ್ಸ್‌ಮಿಟರ್ ಹೀಗೆ ದಾರಿಯನ್ನು ಹಿಡಿದು, ಧ್ವನಿ ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದೆ ಬಂದಿಲ್ಲ ಎಂದು ನೋಡುತ್ತಾ ಹೋಗಬೇಕು. ಕಂಪ್ಯೂಟರಿಗೂ ಇದೇ ನ್ಯಾಯ.

ಬಟನ್ ಒತ್ತಿದಾಗ ನಾಲ್ಕು ಹಂತಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ಒಳಗಿನ ಭಾಗಗಳಿಗೆ ವಿದ್ಯುತ್ ತಲುಪುತ್ತದೆ. ಎರಡನೆಯದಾಗಿ, ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪಿನಲ್ಲಿರುವ ಬಯೋಸ್ ಎಂಬ ತಂತ್ರಾಂಶ ಎದ್ದು, ಪ್ರೊಸೆಸರ್ ಇದೆಯೇ, ಮೆಮೊರಿ ಇದೆಯೇ, ಕೀಬೋರ್ಡ್ ಇದೆಯೇ ಎಂದು ಹಾಜರಿ ಕರೆಯುತ್ತದೆ. (ಈಚಿನ ಯಂತ್ರಗಳಲ್ಲಿ ಈ ಕೆಲಸ ಮಾಡುವುದಕ್ಕೆ ಯು.ಇ.ಎಫ್.ಐ. ಎಂದು ಹೆಸರು; ರೂಢಿಯ ಮಾತಿನಲ್ಲಿ ಅದೂ ಬಯೋಸೇ.) ಮೂರನೆಯದಾಗಿ, ಅದು ಡಿಸ್ಕನ್ನು ಹುಡುಕಿ ಅಲ್ಲಿರುವ ವಿಂಡೋಸನ್ನು ಕರೆಯುತ್ತದೆ. ನಾಲ್ಕನೆಯದಾಗಿ, ವಿಂಡೋಸ್ ತನ್ನ ಪರಿವಾರವನ್ನೆಲ್ಲ ಎಬ್ಬಿಸಿ ನಿಮ್ಮ ಮುಂದೆ ತಂದು ನಿಲ್ಲಿಸುತ್ತದೆ. ಇದಕ್ಕೆ ‘ಬೂಟ್’ ಆಗುವುದು ಎಂದು ಹೆಸರು ಬಂದದ್ದು ಕಾಲಿಗೆ ಹಾಕುವ ಬೂಟಿನಿಂದಲೇ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ತಮಾಷೆಯ ಮಾತು ಅದರ ಮೂಲ.

ಈ ನಾಲ್ಕರಲ್ಲಿ ನಿಮ್ಮ ಯಂತ್ರ ಎಲ್ಲಿ ನಿಂತಿದೆ? ಅಷ್ಟು ತಿಳಿದರೆ ಅರ್ಧ ರಿಪೇರಿ ಮುಗಿದ ಹಾಗೆ.

ದೀಪವೂ ಇಲ್ಲ, ಸದ್ದೂ ಇಲ್ಲ

ಬಟನ್ ಒತ್ತಿದರೆ ಏನೇನೂ ಆಗದಿದ್ದರೆ ಮೊದಲ ಹಂತದಲ್ಲೇ ತೊಂದರೆ. ಆ ಸಾಕೆಟ್ಟಿಗೆ ಮೊಬೈಲ್ ಚಾರ್ಜರನ್ನೋ ಟೇಬಲ್ ಲ್ಯಾಂಪನ್ನೋ ಹಾಕಿ, ಕರೆಂಟ್ ಇದೆಯೇ ನೋಡಿ. ನಡುವೆ ಯು.ಪಿ.ಎಸ್. ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಬ್ಯಾಟರಿ ಮುದಿಯಾದ ಯು.ಪಿ.ಎಸ್. ಎಷ್ಟೋ ಸಲ ಕಂಪ್ಯೂಟರಿನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುವುದಿಲ್ಲ, ತನ್ನ ತಪ್ಪನ್ನೇ ಕಂಪ್ಯೂಟರಿನ ತಲೆಗೆ ಕಟ್ಟುತ್ತದೆ! ಡೆಸ್ಕ್‌ಟಾಪಿನ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಜಾಗದ ಪಕ್ಕ ಒಂದು ಸಣ್ಣ ಸ್ವಿಚ್ ಇರುತ್ತದೆ. ಗುಡಿಸುವಾಗ, ಒರೆಸುವಾಗ ಕೈ ತಗುಲಿ ಅದು ಆಫ್ ಆಗಿರಬಹುದು. ಬಹಳಷ್ಟು ಮಾನಿಟರುಗಳ ಕೇಬಲ್ಲೂ ಸಿ.ಪಿ.ಯು. ಡಬ್ಬದ ಕೇಬಲ್ಲೂ ಒಂದೇ ಬಗೆಯವು. ಅದಲುಬದಲು ಮಾಡಿದರೆ ಕೇಬಲ್ ಕೆಟ್ಟಿದೆಯೇ ಎಂಬುದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇಷ್ಟಾದರೂ ಉಸಿರಿಲ್ಲದಿದ್ದರೆ ಎಸ್.ಎಂ.ಪಿ.ಎಸ್. ಕೆಟ್ಟಿರಬಹುದು. ಮನೆಯ 230 ವೋಲ್ಟ್ ಕರೆಂಟನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಹಂಚುವ ಪೆಟ್ಟಿಗೆ ಅದು. ಅದನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರಬಹುದು. ಸುಟ್ಟ ವಾಸನೆ ಬಂದಿದ್ದರೆ ಮತ್ತೊಮ್ಮೆ ಬಟನ್ ಒತ್ತುವ ಪ್ರಯೋಗವೂ ಬೇಡ. ಎಸ್.ಎಂ.ಪಿ.ಎಸ್. ಬದಲಾಯಿಸುವುದಕ್ಕೂ ನಿಮ್ಮ ಫೈಲುಗಳಿಗೂ ಯಾವ ಸಂಬಂಧವೂ ಇಲ್ಲ. ಇಲ್ಲಿ ಫಾರ್ಮ್ಯಾಟಿನ ಮಾತೇ ಬರಬಾರದು.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರತೆಗೆಯಲು ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ನನ್ನು ಸುಮಾರು 30 ಸೆಕೆಂಡ್ ಒತ್ತಿ ಹಿಡಿದು ಬಿಡಿ. ಬಳಿಕ ಚಾರ್ಜರ್ ಮಾತ್ರ ಸಿಕ್ಕಿಸಿ ಮತ್ತೆ ಬಟನ್ ಒತ್ತಿ ನೋಡಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗಿ, ಎಷ್ಟೋ ಲ್ಯಾಪ್‌ಟಾಪುಗಳು ಇಷ್ಟಕ್ಕೇ ಎದ್ದು ಬರುತ್ತವೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಚಾರ್ಜ್ ಮಾಡುವುದನ್ನು ಆಗಲೇ ನಿಲ್ಲಿಸಿ, ಅದನ್ನು ಒತ್ತದೆ, ಚುಚ್ಚದೆ ಸರ್ವಿಸಿನವರಿಗೆ ಒಪ್ಪಿಸಿ.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಇದು ಎರಡನೇ ಹಂತ. ಮೊದಲು ಮಾನಿಟರನ್ನೇ ಅನುಮಾನಿಸಿ. ‘ನೋ ಸಿಗ್ನಲ್’ ಎಂದು ಬರೆದು ತೋರಿಸುತ್ತಿದ್ದರೆ ಮಾನಿಟರಿಗೆ ಜೀವವಿದೆ, ಅದಕ್ಕೆ ಸುದ್ದಿ ತಲುಪುತ್ತಿಲ್ಲ ಎಂದರ್ಥ. ಕೇಬಲ್ಲಿನ ಎರಡೂ ತುದಿಗಳನ್ನು ಬಿಗಿಯಾಗಿ ಕೂರಿಸಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರವಾದರೆ ಕೇಬಲ್ ಆ ಕಾರ್ಡಿಗೇ ಹೋಗಿರಬೇಕು. ಲ್ಯಾಪ್‌ಟಾಪಿನ ಪರದೆಯ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಮಸುಕಾಗಿ ಚಿತ್ರ ಕಂಡರೆ ಯಂತ್ರ ಎದ್ದಿದೆ, ಪರದೆಯ ಹಿಂದಿನ ದೀಪ ಹೋಗಿದೆ, ಅಷ್ಟೆ. ಎಚ್.ಡಿ.ಎಂ.ಐ. ಕೇಬಲ್ ಹಾಕಿ ಮನೆಯ ಟಿ.ವಿ.ಗೆ ಜೋಡಿಸಿದರೂ ಇದು ಗೊತ್ತಾಗುತ್ತದೆ.

ನಂತರ ಕಿವಿಗೊಟ್ಟು ಕೇಳಿ. ಕೆಲವು ಯಂತ್ರಗಳು ‘ಬೀಪ್’ ಎಂದು ಕೂಗಿ ತಮ್ಮ ಕಷ್ಟ ಹೇಳಿಕೊಳ್ಳುತ್ತವೆ. ಎಷ್ಟು ಸಲ, ಉದ್ದವೋ ಗಿಡ್ಡವೋ ಎಂದು ಬರೆದಿಟ್ಟುಕೊಳ್ಳಿ. ಇದರ ಅರ್ಥ ಒಂದೊಂದು ಕಂಪನಿಗೆ ಒಂದೊಂದು ರೀತಿ ಇರುವುದರಿಂದ ಆ ಯಂತ್ರದ ಕೈಪಿಡಿಯನ್ನೇ ನೋಡಬೇಕು. ಬೀಪ್ ಬರಲಿ ಬಿಡಲಿ, ಈ ಹಂತದಲ್ಲಿ ಹೆಚ್ಚಾಗಿ ಕೈ ಕೊಡುವುದು ರ‍್ಯಾಮ್, ಅಂದರೆ ಮೆಮೊರಿ ಪಟ್ಟಿ. ಮುಂಬಯಿ, ಚೆನ್ನೈಗಳ ಕಡಲ ಗಾಳಿ, ಮಳೆಗಾಲದ ತೇವ, ಒಳಗೆ ಸೇರಿದ ದೂಳು, ಇವೆಲ್ಲ ಅದರ ಚಿನ್ನದ ಬಣ್ಣದ ಹಲ್ಲುಗಳಿಗೆ ಆಗಿಬರುವುದಿಲ್ಲ.

ಡೆಸ್ಕ್‌ಟಾಪಿನ ಪ್ಲಗ್ಗನ್ನು ಗೋಡೆಯಿಂದ ತೆಗೆದು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ, ಪಕ್ಕದ ಮುಚ್ಚಳ ಬಿಚ್ಚಿ. ಡಬ್ಬದ ಲೋಹದ ಭಾಗವನ್ನು ಒಮ್ಮೆ ಮುಟ್ಟಿದರೆ ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯುತ್ತದೆ. ರ‍್ಯಾಮ್ ತುದಿಯಲ್ಲಿರುವ ಕ್ಲಿಪ್ ಸರಿಸಿ ಪಟ್ಟಿಯನ್ನು ಹೊರತೆಗೆದು, ಹಲ್ಲುಗಳನ್ನು ಒಣ ಮೆತ್ತನೆಯ ಬಟ್ಟೆಯಿಂದ ಮೃದುವಾಗಿ ಒರೆಸಿ, ‘ಟಕ್’ ಎಂದು ಕೂರುವ ತನಕ ಒತ್ತಿ ಹಾಕಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಪ್ರಿಂಟರ್, ವೆಬ್‌ಕ್ಯಾಮ್, ಪೆನ್‌ಡ್ರೈವ್ ಎಲ್ಲವನ್ನೂ ಕಳಚಿಟ್ಟು ಪ್ರಯತ್ನಿಸಿ. ಕೈ ನಡುಗಿದರೆ ಬೇಡ, ಇದು ಅಂಗಡಿಯಲ್ಲೂ ಹತ್ತು ನಿಮಿಷದ ಕೆಲಸ.

ಎದ್ದರೂ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ, ಪ್ರತಿ ಸಲವೂ ಎಫ್ 1 ಒತ್ತು ಎಂದು ಕೇಳುತ್ತಿದ್ದರೆ ಅದು ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಮುಗಿದ ಲಕ್ಷಣ. ಬಹುಪಾಲು ಡೆಸ್ಕ್‌ಟಾಪುಗಳಲ್ಲಿ ಅದು ಸಿ.ಆರ್. 2032 ಎಂಬ, ನಾಣ್ಯದಂಥ 3 ವೋಲ್ಟಿನ ಸೆಲ್. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ

‘ನೋ ಬೂಟಬಲ್ ಡಿವೈಸ್’, ‘ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್’ ಎಂಬ ಸಾಲು ಕಂಡರೆ ಮೂರನೇ ಹಂತ. ಹಾಜರಿ ಮುಗಿದಿದೆ, ವಿಂಡೋಸ್ ಸಿಕ್ಕಿಲ್ಲ. ಗಾಬರಿಯಾಗುವ ಮೊದಲು ಯು.ಎಸ್.ಬಿ. ಕಿಂಡಿಗಳನ್ನು ನೋಡಿ. ಹಿಂದೆ ಫ್ಲಾಪಿ ಒಳಗೇ ಉಳಿದಾಗ ಆಗುತ್ತಿದ್ದ ಹಾಗೆಯೇ ಇಂದು ಪೆನ್‌ಡ್ರೈವ್ ಸಿಕ್ಕಿಕೊಂಡಿದ್ದರೆ, ಕೆಲವು ಯಂತ್ರಗಳು ವಿಂಡೋಸನ್ನು ಅದರಲ್ಲಿ ಹುಡುಕಿ ಸುಸ್ತಾಗುತ್ತವೆ. ತೆಗೆದು ಮತ್ತೆ ಶುರು ಮಾಡಿ.

ಆಗಲೂ ಅದೇ ಸಾಲು ಬಂದರೆ, ಯಂತ್ರ ಶುರುವಾಗುತ್ತಿದ್ದಂತೆ ಎಫ್ 2 ಅಥವಾ ಡಿಲೀಟ್ ಕೀಲಿಯನ್ನು (ಕಂಪನಿಯಿಂದ ಕಂಪನಿಗೆ ಇದು ಬೇರೆ) ಒತ್ತುತ್ತಾ ಬಯೋಸ್ ಪುಟಕ್ಕೆ ಹೋಗಿ. ಅಲ್ಲಿ ಏನನ್ನೂ ಬದಲಾಯಿಸಬೇಡಿ, ಡಿಸ್ಕಿನ ಹೆಸರು ಪಟ್ಟಿಯಲ್ಲಿದೆಯೇ ಎಂದಷ್ಟೇ ನೋಡಿ. ಹೆಸರು ಇದ್ದರೆ ಡಿಸ್ಕ್ ಬಯೋಸಿನ ಕರೆಗೆ ಓಗೊಡುತ್ತಿದೆ. ವಿಂಡೋಸಿನ ಆರಂಭದ ಫೈಲುಗಳಿಗೆ ಮಾತ್ರ ಪೆಟ್ಟಾಗಿರುವ ಸಾಧ್ಯತೆ ಇದೆ. ಹೆಸರು ಇಲ್ಲದಿದ್ದರೆ ಕೇಬಲ್ ಸಡಿಲವಾಗಿರಬೇಕು, ಇಲ್ಲವೇ ಡಿಸ್ಕೇ ಕೈ ಕೊಟ್ಟಿರಬೇಕು.

ಇಲ್ಲಿಯೂ ಕಿವಿ ಬೇಕು. ಹಳೆಯ ಹಾರ್ಡ್‌ಡಿಸ್ಕಿನ ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಮೊನೆ ಆ ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಆರೋಗ್ಯವಾಗಿರುವ ಡಿಸ್ಕಿನದು ಸಣ್ಣ ಗುಂಯ್‌ಗುಡುವ ದನಿ. ‘ಕಟ್, ಕಟ್, ಕಟ್’ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಮೊನೆಗೆ ತನ್ನ ದಾರಿ ಸಿಗುತ್ತಿಲ್ಲ ಎಂದರ್ಥ. ಆಗ ಮಾಡಬೇಕಾದದ್ದು ಒಂದೇ, ಪವರ್ ಆಫ್. ಪ್ರತಿ ಪ್ರಯತ್ನವೂ ತಟ್ಟೆಯ ಮೇಲೆ ಹೊಸ ಗೀರು ಎಳೆಯಬಹುದು. ಒಳಗಿರುವುದು ನಿಜಕ್ಕೂ ಬೇಕಾದದ್ದಾದರೆ ಡೇಟಾ ಹೊರತೆಗೆಯುವುದನ್ನೇ ಕಸುಬಾಗಿ ಮಾಡಿಕೊಂಡವರ ಬಳಿಗೆ ಒಯ್ಯಿರಿ. ಈಗಿನ ಎಸ್.ಎಸ್.ಡಿ.ಗಳಲ್ಲಿ ತಿರುಗುವ ಭಾಗವೇ ಇಲ್ಲ. ಅವು ಕೆಟ್ಟರೂ ಸದ್ದಿಲ್ಲದೆ ಕೆಡುತ್ತವೆ, ಮುನ್ಸೂಚನೆಯೂ ಕಡಿಮೆ.

ವಿಂಡೋಸ್ ಚಿಹ್ನೆ ಬಂದು ಅಲ್ಲೇ ನಿಂತರೆ

ನಾಲ್ಕನೇ ಹಂತದಲ್ಲಿ ಮೊದಲ ಔಷಧ ತಾಳ್ಮೆ. ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂದು ಬರೆದಿದ್ದರೆ, ಶೇಕಡಾವಾರು ಅಂಕಿ ಅಲುಗದೆ ಕುಳಿತಿದ್ದರೂ ಒಂದೆರಡು ಗಂಟೆ ಬಿಡಿ. ನಿಜಕ್ಕೂ ಸಿಕ್ಕಿಬಿದ್ದಿದೆ ಎನಿಸಿದರೆ ಪವರ್ ಬಟನ್ನನ್ನು ಸುಮಾರು ಹತ್ತು ಸೆಕೆಂಡ್ ಒತ್ತಿ ಆರಿಸಿ. ವಿಂಡೋಸ್ 10 ಮತ್ತು 11ರಲ್ಲಿ ಆರಂಭವಾಗುವಾಗ ಎರಡು ಮೂರು ಸಲ ಹೀಗೆ ತಡೆ ಬಿದ್ದರೆ ರಿಪೇರಿಯ ನೀಲಿ ಪುಟ ತಾನಾಗಿ ತೆರೆದುಕೊಳ್ಳುತ್ತದೆ.

ಆ ಪುಟದಲ್ಲಿ ಈ ಕ್ರಮದಲ್ಲಿ ಹೋಗಿ. ಮೊದಲು ‘ಸ್ಟಾರ್ಟಪ್ ರಿಪೇರ್’. ಆಗದಿದ್ದರೆ, ಈಚೆಗೆ ಬಂದ ಅಪ್‌ಡೇಟ್ ತೆಗೆದುಹಾಕುವ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಆಮೇಲೆ ವಿಂಡೋಸನ್ನು ಹಿಂದಿನ ಒಂದು ತಾರೀಕಿನ ಸ್ಥಿತಿಗೆ ಒಯ್ಯುವ ‘ಸಿಸ್ಟಂ ರಿಸ್ಟೋರ್’. ಇದು ನಿಮ್ಮ ಫೋಟೋ, ಪತ್ರಗಳನ್ನು ಮುಟ್ಟುವುದಿಲ್ಲ. ಕಡೆಗೆ, ಅಗತ್ಯದ ಭಾಗಗಳನ್ನು ಮಾತ್ರ ಎಬ್ಬಿಸುವ ‘ಸೇಫ್ ಮೋಡ್’. ಸೇಫ್ ಮೋಡಿನಲ್ಲಿ ಎದ್ದುಬಿಟ್ಟರೆ ಬೇರೆ ಕೆಲಸ ಮಾಡಬೇಡಿ, ಮೊದಲು ಬೇಕಾದ ಫೈಲುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಅದೇ ಪುಟದಲ್ಲಿರುವ ‘ರಿಸೆಟ್ ದಿಸ್ ಪಿ.ಸಿ.’ ಎಂಬುದರ ಹತ್ತಿರ ಮಾತ್ರ ಕೈ ಬಿಗಿಹಿಡಿಯಿರಿ. ಅದರಲ್ಲಿ ಎರಡು ದಾರಿಗಳಿವೆ. ‘ಕೀಪ್ ಮೈ ಫೈಲ್ಸ್’ ನಿಮ್ಮ ಫೈಲುಗಳನ್ನು ಉಳಿಸಿ ತಂತ್ರಾಂಶಗಳನ್ನು ತೆಗೆಯುತ್ತದೆ. ‘ರಿಮೂವ್ ಎವೆರಿಥಿಂಗ್’ ಹೆಸರೇ ಹೇಳುವಂತೆ ಎಲ್ಲವನ್ನೂ ತೆಗೆಯುತ್ತದೆ.

ಯಂತ್ರ ಏಳದಿದ್ದರೂ ಕಡತ ಸುರಕ್ಷಿತ ಎಂಬುದಕ್ಕೆ ದೊಡ್ಡ ಉದಾಹರಣೆ ಬೇಕೇ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಫೈಲಿನಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಪರದಾಟವಾಗಿ, ಹೈದರಾಬಾದಿನಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಮದ್ದು ಏನಾಗಿತ್ತು ಗೊತ್ತೇ? ಸೇಫ್ ಮೋಡಿಗೆ ಹೋಗಿ ಆ ಒಂದು ಫೈಲನ್ನು ಅಳಿಸುವುದು. ಅದಕ್ಕಾಗಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ.

48 ಅಂಕಿಗಳ ಬೀಗ

ಈಚಿನ ವರ್ಷಗಳ ಯಂತ್ರಗಳಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ರಿಪೇರಿಯ ದಾರಿಯಲ್ಲಿ ಇದ್ದಕ್ಕಿದ್ದಂತೆ ‘ಬಿಟ್‌ಲಾಕರ್ ರಿಕವರಿ ಕೀ’ ಕೊಡಿ ಎಂಬ ಪುಟ ಬರಬಹುದು. ಕಳ್ಳರ ಕೈಗೆ ಸಿಕ್ಕರೂ ಓದಲಾಗದಂತೆ ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವ ಬೀಗ ಇದು. ನಾವು ಹಾಕದಿದ್ದರೂ ಅನೇಕ ಹೊಸ ಯಂತ್ರಗಳಲ್ಲಿ ತಾನೇ ಬಿದ್ದಿರುತ್ತದೆ. ಇದರ ಕೀಲಿ 48 ಅಂಕಿಗಳದ್ದು. ಯಂತ್ರವನ್ನು ಮೊದಲ ಸಲ ಸಜ್ಜು ಮಾಡುವಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಮೊಬೈಲಿನಿಂದ ಆ ಖಾತೆಗೆ ಹೋಗಿ ನೋಡಬಹುದು. ಅಂಗಡಿಯಲ್ಲಿ ಯಂತ್ರ ಸಜ್ಜು ಮಾಡಿಸಿದ್ದರೆ ಯಾರ ಖಾತೆ ಹಾಕಿದ್ದಾರೆ ಎಂದು ಇಂದೇ ವಿಚಾರಿಸಿ. ಕೀಲಿ ಇಲ್ಲದಿದ್ದರೆ ಎಂಥ ನಿಪುಣರಿಗೂ ಆ ಡಿಸ್ಕಿನಲ್ಲಿರುವುದು ದಕ್ಕುವುದಿಲ್ಲ. ಯಂತ್ರ ಚೆನ್ನಾಗಿರುವ ಈ ಹೊತ್ತಿನಲ್ಲೇ ಅದನ್ನು ಕಾಗದದ ಮೇಲೆ ಬರೆದು, ರೇಷನ್ ಕಾರ್ಡ್, ಪಾಸ್‌ಪೋರ್ಟ್ ಇಡುವ ಕಡೆ ಇಟ್ಟುಬಿಡಿ.

ಅಂಗಡಿಗೆ ಹೋದಾಗ ಏನು ಹೇಳಬೇಕು?

“ಏಳುತ್ತಿಲ್ಲ” ಎಂದಷ್ಟೇ ಹೇಳಬೇಡಿ. “ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು” ಎಂದೋ, “ಬಯೋಸಿನಲ್ಲಿ ಡಿಸ್ಕ್ ಕಾಣುತ್ತದೆ, ವಿಂಡೋಸ್ ಬರುವುದಿಲ್ಲ” ಎಂದೋ ಹೇಳಿ. ಪರದೆಯ ಮೇಲಿನ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ರೋಗದ ಲಕ್ಷಣವನ್ನು ಸರಿಯಾಗಿ ಹೇಳುವ ರೋಗಿಗೆ ವೈದ್ಯರು ಹೆಚ್ಚು ಗಮನ ಕೊಡುತ್ತಾರಲ್ಲವೇ?

ಎರಡನೆಯ ಮಾತು, “ಮೊದಲು ಡೇಟಾ ಕಾಪಿ, ಆಮೇಲೆ ಫಾರ್ಮ್ಯಾಟ್.” ರಸೀದಿಯ ಮೇಲೂ ಹಾಗೆಯೇ ಬರೆಸಿ. ಡಿಸ್ಕನ್ನು ಬಿಚ್ಚಿ ಯು.ಎಸ್.ಬಿ. ಕೇಸಿಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಡಿಸ್ಕ್ ಆರೋಗ್ಯವಾಗಿರುವ ಪಕ್ಷದಲ್ಲಿ, ಅದು ದೊಡ್ಡದೊಂದು ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಬೀಗ ಇದ್ದರೆ ಅಲ್ಲಿಯೂ ಆ 48 ಅಂಕಿ ಕೇಳುತ್ತದೆ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಮಾತ್ರ ಡಿಸ್ಕ್ ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಬಿಚ್ಚಲು ಬರುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ನಾಲ್ಕನ್ನೂ ಹೆಸರು ಹಿಡಿದು ಹೇಳಿ ಕಾಪಿ ಮಾಡಿಸಿ, ನಿಮ್ಮ ಕಣ್ಣೆದುರೇ ಒಂದೆರಡು ಫೈಲು ತೆರೆಸಿ ನೋಡಿ.

ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳು ಹೊಸ ವಿಂಡೋಸಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣಬಹುದು. ಕನ್ನಡ ಬಾರದ ಮೆಕ್ಯಾನಿಕ್ ‘ಫೈಲ್ ಕರಪ್ಟ್ ಆಗಿದೆ’ ಎಂದು ಅಳಿಸಿಬಿಟ್ಟಾನು. ಕೆಟ್ಟಿರುವುದಿಲ್ಲ, ಆ ಫಾಂಟ್ ಇಲ್ಲ ಅಷ್ಟೆ. ಫಾಂಟ್ ಹಾಕಿದೊಡನೆ ನಿಮ್ಮ ಕನ್ನಡ ಮರಳಿ ಬರುತ್ತದೆ. ಆದ್ದರಿಂದ ಆ ಫಾಂಟುಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ.

“ವಿಂಡೋಸ್ 10 ಮುಗಿದುಹೋಯಿತು, ಅದಕ್ಕೇ ಏಳುತ್ತಿಲ್ಲ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ. ಭದ್ರತೆಯ ದೃಷ್ಟಿಯಿಂದ ಬದಲಾಯಿಸುವುದು ಒಳ್ಳೆಯದೇ, ಆದರೆ ಆ ತಾರೀಕು ಯಾವ ಯಂತ್ರವನ್ನೂ ಮಲಗಿಸಲಿಲ್ಲ.

ಅಟ್ಟ ಮೇಲೆ ಒಲೆ ಉರಿಯುವುದು ಬೇಡ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಮ್ಮ ಹಿರಿಯರು ಹಾರ್ಡ್‌ಡಿಸ್ಕ್ ನೋಡದೆಯೇ ಹೇಳಿದ್ದರು. ಬೇಕಾದ ಫೈಲಿನ ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಮನೆಯ ಹೊರಗಿರಲಿ. ಹೊರಗಿನದಕ್ಕೆ ಇಂಟರ್‌ನೆಟ್ಟಿನ ಸಂಗ್ರಹವಾದರೂ ಆದೀತು. ಇಲ್ಲವೇ ದಸರೆಗೋ ಯುಗಾದಿಗೋ ಊರಿಗೆ ಹೋಗುವಾಗ ಒಂದು ಎಕ್ಸ್‌ಟರ್ನಲ್ ಡಿಸ್ಕನ್ನು ಅಣ್ಣನ ಮನೆಯ ಬೀರುವಿನಲ್ಲಿಟ್ಟು, ಮುಂದಿನ ಸಲ ಹೋದಾಗ ಹೊಸ ಫೋಟೋಗಳನ್ನು ಸೇರಿಸಿ ಬನ್ನಿ. ಹೋಳಿಗೆ ತಿಂದು ಬಂದ ಹಾಗೂ ಆಯಿತು, ಬ್ಯಾಕಪ್ ಆದ ಹಾಗೂ ಆಯಿತು.

ಈ ಪುಟವನ್ನು ಕತ್ತರಿಸಿ ಕಂಪ್ಯೂಟರ್ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಳ್ಳಿ. ಕಂಪ್ಯೂಟರಿನ ಒಳಗೆ ಮಾತ್ರ ಇಡಬೇಡಿ, ಅದು ಏಳದ ದಿನ ಓದುವುದು ಹೇಗೆ? ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ರೇಡಿಯೋ ಕೇಳುತ್ತಿರಿ. ನಮಸ್ಕಾರ.